ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತು?

ಒಂದು ನುಡಿಯ ಹಳಮೆಯನ್ನು ಅರಸುವವರು ಸಾಮಾನ್ಯವಾಗಿ ಕಲ್ಲಿನ ಬಳಿಗೆ ಹೋಗುತ್ತಾರೆ, ತಾಮ್ರಪಟಗಳನ್ನು ಹುಡುಕುತ್ತಾರೆ, ಓಲೆಗರಿಯ ಕಟ್ಟುಗಳನ್ನು ಬಿಚ್ಚುತ್ತಾರೆ. ತಿಪ್ಪೆಯನ್ನು ಕೆದಕುವವರು ವಿರಳ. ಆದರೆ ಕನ್ನಡದ ಅತ್ಯಂತ ಪ್ರಾಚೀನ ವಾಕ್ಯವೆಂದು ಕೆಲವರು ನಂಬಿರುವ, ಅದು ಕನ್ನಡವೇ ಅಲ್ಲವೆಂದು ಮತ್ತೆ ಕೆಲವರು ತಳ್ಳಿಹಾಕಿರುವ ನಾಲ್ಕಾರು ಪದಗಳು ದೊರೆತದ್ದು ಒಂದು ತಿಪ್ಪೆಯಲ್ಲಿಯೇ. ಅದೂ ಕಾವೇರಿ ಗೋದಾವರಿಗಳ ನಡುವಣ ಯಾವ ಊರಿನ ತಿಪ್ಪೆಯಲ್ಲಿಯೂ ಅಲ್ಲ. ಕಡಲಾಚೆಯ ಈಜಿಪ್ಟಿನಲ್ಲಿ, ನೈಲ್ ನದಿಯ ಸೀಮೆಯ ಒಂದು ಹಾಳೂರಿನಲ್ಲಿ. ವಿದ್ವಾಂಸರ ಲೋಕದಲ್ಲಿ ನೂರಿಪ್ಪತ್ತು ವರ್ಷಗಳಿಂದ ಬಗೆಹರಿಯದೆ ಉಳಿದಿರುವ ಈ ಒಗಟಿನ ಕಥೆಯನ್ನು ವಾಚಕರ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶ.

ಕೈರೋ ನಗರದಿಂದ ದಕ್ಷಿಣಕ್ಕೆ ಸುಮಾರು ೧೬೦ ಕಿಲೋಮೀಟರು ದೂರದಲ್ಲಿ ಬೆಹ್ನೆಸಾ ಎಂಬ ಊರಿದೆ. ಗ್ರೀಕರೂ ಆಮೇಲೆ ರೋಮನರೂ ಈಜಿಪ್ಟನ್ನು ಆಳಿದ ಕಾಲದಲ್ಲಿ ಅಲ್ಲೊಂದು ದೊಡ್ಡ ಪಟ್ಟಣವಿತ್ತು. ಅದರ ಹೆಸರು ಆಕ್ಸಿರಿಂಕಸ್. ಚೂಪು ಮೂತಿಯ ಮೀನು ಎಂದು ಆ ಹೆಸರಿನ ಅರ್ಥ; ಆ ಮೀನನ್ನು ಅಲ್ಲಿಯ ಜನ ಪೂಜಿಸುತ್ತಿದ್ದರು. ಪಟ್ಟಣದವರು ತಮಗೆ ಬೇಡವಾದ ಕಾಗದಪತ್ರಗಳನ್ನೆಲ್ಲ ಊರ ಹೊರಗಿನ ತಿಪ್ಪೆಗಳಿಗೆ ಸುರಿಯುತ್ತಿದ್ದರು. ಕಾಗದವೆಂದರೆ ನಮ್ಮ ಕಾಗದವಲ್ಲ; ಪಪೈರಸ್ ಎಂಬ ಜೊಂಡಿನ ತಿರುಳನ್ನು ಸೀಳಿ, ಒತ್ತಿ, ಒಣಗಿಸಿ ಮಾಡಿದ ಹಾಳೆ. ಮಳೆಯೇ ಇಲ್ಲವೆನ್ನುವಷ್ಟು ಒಣ ಹವೆಯ ಆ ನೆಲದಲ್ಲಿ, ನದಿಯ ತೇವವೂ ತಲುಪದ ಎತ್ತರದ ದಿಬ್ಬಗಳಲ್ಲಿ, ಆ ಹಾಳೆಗಳು ಮರಳಿನಡಿ ಹಾಗೆಯೇ ಉಳಿದವು. ೧೮೯೬–೯೭ರ ಚಳಿಗಾಲದಲ್ಲಿ ಆಕ್ಸ್‌ಫರ್ಡಿನ ಇಬ್ಬರು ತರುಣ ವಿದ್ವಾಂಸರು, ಗ್ರೆನ್‌ಫೆಲ್ ಮತ್ತು ಹಂಟ್ ಎಂಬವರು, ಅಲ್ಲಿ ಅಗೆಯತೊಡಗಿದರು. ಅಂದಿನಿಂದ ಅಲ್ಲಿ ದೊರೆತ ಚೂರುಗಳ ಸಂಖ್ಯೆ ಲಕ್ಷಗಳಲ್ಲಿದೆ. ತೆರಿಗೆಯ ಲೆಕ್ಕ, ಸಾಲದ ಪತ್ರ, ಮಗ ತಂದೆಗೆ ಬರೆದ ಓಲೆ, ಕಳೆದುಹೋಯಿತೆಂದು ಲೋಕ ಮರೆತಿದ್ದ ಸ್ಯಾಫೋ ಕವಯಿತ್ರಿಯ ಪದ್ಯಗಳು, ಸೊಫೋಕ್ಲಿಸನ ನಾಟಕದ ಭಾಗಗಳು, ಎಲ್ಲವೂ ಒಂದೇ ರಾಶಿಯಲ್ಲಿ. ಅವುಗಳ ಪ್ರಕಟಣೆ ೧೮೯೮ರಲ್ಲಿ ತೊಡಗಿ, ಎಂಬತ್ತಕ್ಕೂ ಹೆಚ್ಚು ಸಂಪುಟಗಳು ಹೊರಬಂದ ಮೇಲೂ ಮುಗಿದಿಲ್ಲ.

ಈ ಮಾಲೆಯ ಮೂರನೆಯ ಸಂಪುಟ ೧೯೦೩ರಲ್ಲಿ ಬೆಳಕು ಕಂಡಿತು. ಅದರಲ್ಲಿ ೪೧೩ನೆಯ ಅಂಕೆಯನ್ನು ಹೊತ್ತು ಒಂದು ಪ್ರಹಸನ ಅಚ್ಚಾಯಿತು. ಬರೆವಣಿಗೆಯ ರೀತಿಯಿಂದ ಅದು ಕ್ರಿ. ಶ. ಎರಡನೆಯ ಶತಮಾನದ ಪ್ರತಿ. ಕರ್ತೃವಿನ ಹೆಸರಿಲ್ಲ, ಕೃತಿಯ ಹೆಸರೂ ಉಳಿದಿಲ್ಲ. ನಾಯಿಕೆಯ ಹೆಸರಿನಿಂದ ಅದನ್ನು ‘ಖಾರಿಟಿಯಾನ್’ ಎಂದು ಕರೆಯುವುದು ವಾಡಿಕೆಯಾಗಿದೆ.

ಪ್ರಹಸನದ ಕಥೆ

ಖಾರಿಟಿಯಾನ್ ಒಬ್ಬ ಗ್ರೀಕ್ ತರುಣಿ. ಹಿಂದೂ ಮಹಾಸಾಗರದ ದಡದಲ್ಲಿರುವ ಒಂದು ನಾಡಿನ ಅರಸನ ಕೈಗೆ ಸಿಕ್ಕಿ, ಅಲ್ಲಿಯ ದೇವಿಯೊಬ್ಬಳ ಗುಡಿಯಲ್ಲಿ ಸೆರೆಯಾಗಿದ್ದಾಳೆ. ಅವಳನ್ನು ಬಿಡಿಸಿಕೊಂಡು ಹೋಗಲು ಅಣ್ಣನೋ ತಮ್ಮನೋ ಆದ ಒಬ್ಬ ಸಹೋದರ ಹಡಗಿನಲ್ಲಿ ಬಂದಿದ್ದಾನೆ. ಅವನೊಡನೆ ಹಡಗಿನ ನಾಯಕನಿದ್ದಾನೆ; ಇವರೆಲ್ಲರಿಗಿಂತ ಮಿಗಿಲಾಗಿ ಒಬ್ಬ ಹಾಸ್ಯಗಾರನಿದ್ದಾನೆ. ಬೇಟೆಯಾಡಿ ಹಿಂದಿರುಗುವ ಆ ನಾಡಿನ ಹೆಂಗಸರು ಬಿಲ್ಲು ಹಿಡಿದು ಬಂದಾಗ ಈ ಹಾಸ್ಯಗಾರ ಅವರನ್ನು ಓಡಿಸುವುದು ಕತ್ತಿಯಿಂದಲ್ಲ, ತನ್ನ ಅಪಾನವಾಯುವಿನಿಂದ! ಆ ವಾಯುವನ್ನೇ ಒಂದು ದೇವತೆಯನ್ನಾಗಿ ಮಾಡಿ ಅವನು ಸ್ತುತಿಸುವುದೂ ಉಂಟು. ಪಂಡಿತರ ಮೂಗಿಗೆ ಇದು ಹಿತವಲ್ಲವಾದರೂ ಅಂದಿನ ಪ್ರೇಕ್ಷಕರು ಬಿದ್ದು ಬಿದ್ದು ನಕ್ಕಿರಬೇಕು.

ಗುಡಿಯ ಕಾಣಿಕೆಗಳನ್ನೂ ಕದ್ದುಕೊಂಡು ಹೋಗೋಣವೆಂದು ಹಾಸ್ಯಗಾರ ಸೂಚಿಸುತ್ತಾನೆ. ಖಾರಿಟಿಯಾನ್ ಒಪ್ಪುವುದಿಲ್ಲ, ದೈವದ ರಕ್ಷಣೆಯನ್ನು ಬೇಡುವವರು ದೈವದ ಸೊತ್ತನ್ನೇ ಕದಿಯುವುದು ತರವಲ್ಲವೆಂದು ಅವಳ ನಿಲುವು. ಕೊನೆಗೆ ಉಪಾಯ ಹೂಡುವವನು ಸಹೋದರ. ಈ ನಾಡಿನಲ್ಲಿ ದ್ರಾಕ್ಷಾರಸ ಮಾರಾಟಕ್ಕೆ ಸಿಕ್ಕುವುದಿಲ್ಲ; ಅಭ್ಯಾಸವಿಲ್ಲದ ಇವರು ನೀರು ಬೆರೆಸದೆ ಅದನ್ನು ಕುಡಿದರೆ ಬೇಗನೆ ಮೈಮರೆಯುತ್ತಾರೆ. ಗ್ರೀಕರು ದ್ರಾಕ್ಷಾರಸಕ್ಕೆ ನೀರು ಬೆರೆಸಿ ಕುಡಿಯುವವರೆಂಬುದನ್ನು ನೆನೆದರೆ ಈ ಹಂಚಿಕೆಯ ಚಾತುರ್ಯ ತಿಳಿಯುತ್ತದೆ. ಅರಸನೂ ಪರಿವಾರವೂ ಕುಡಿದು ಕುಣಿಯುತ್ತಾರೆ. ತಮ್ಮಟೆ ಬಾರಿಸುತ್ತದೆ, ಎಲ್ಲೆಲ್ಲಿ ಬಾರಿಸಬೇಕೆಂಬ ಸೂಚನೆಗಳೂ ಹಾಳೆಯ ಮೇಲಿವೆ. ಅಮಲೇರಿದ ಅರಸನನ್ನು ಗುಡಿಯ ಪವಿತ್ರ ಪಟ್ಟಿಗಳಿಂದಲೇ ಕಟ್ಟಿಹಾಕಿ ಗ್ರೀಕರು ಹಡಗನ್ನೇರಿ ಪಾರಾಗುತ್ತಾರೆ.

ಕಥೆಯ ಅಸ್ಥಿಪಂಜರ ಹೊಸದಲ್ಲ. ಯೂರಿಪಿಡೀಸ್ ಮಹಾಕವಿಯ ‘ಟೌರಿಯರ ನಾಡಿನಲ್ಲಿ ಇಫಿಗೆನಿಯಾ’ ನಾಟಕದಲ್ಲಿಯೂ ಪರನಾಡಿನ ದೇವಿಯ ಗುಡಿಯಲ್ಲಿ ಒಬ್ಬ ಗ್ರೀಕ್ ಹೆಣ್ಣಿದ್ದಾಳೆ. ಅವಳ ಸೋದರ ಬರುತ್ತಾನೆ. ಇಬ್ಬರೂ ತಪ್ಪಿಸಿಕೊಂಡು ಹೋಗುತ್ತಾರೆ. ಮದ್ಯ ಕುಡಿಸಿ ಶತ್ರುವನ್ನು ಗೆಲ್ಲುವ ಉಪಾಯ ಹೋಮರನ ಮಹಾಕಾವ್ಯದ ಒಕ್ಕಣ್ಣ ರಾಕ್ಷಸನ ಪ್ರಸಂಗದಿಂದ ಬಂದದ್ದು. ಗಂಭೀರ ನಾಟಕವನ್ನು ಬೀದಿಯ ನಗೆಯಾಟವಾಗಿ ತಿರುಗಿಸಿದವನು ಯಾರೋ ರಂಗದ ಒಳಹೊರಗನ್ನು ಬಲ್ಲವನು. ಪಾತ್ರಗಳ ಹೆಸರಿಗೆ ಬದಲು ಒಂದೊಂದು ಅಕ್ಷರವನ್ನಷ್ಟೇ ಗುರುತಾಗಿ ಹಾಕಿದೆ. ಹಾಳೆಯ ಹಿಂಬದಿಯಲ್ಲಿ ಒಂದು ಸನ್ನಿವೇಶವನ್ನು ತಿದ್ದಿ ಮತ್ತೆ ಬರೆದಿದೆ. ಇದು ಓದುವ ಪುಸ್ತಕವಲ್ಲ, ಆಡುವವರ ಕೈಪ್ರತಿ. ನಮ್ಮ ಯಕ್ಷಗಾನದ ಹಾಸ್ಯಗಾರನನ್ನೂ ಚೆಂಡೆಯ ಪೆಟ್ಟಿಗೆ ಬದಲಾಗುವ ಹೆಜ್ಜೆಯನ್ನೂ ಕಂಡವರಿಗೆ ಇಂಥ ಆಟವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಇಲ್ಲಿಯವರೆಗೆ ವಿವಾದವಿಲ್ಲ. ತೊಡಕು ಇರುವುದು ಅರಸನ ಬಾಯಿಯಲ್ಲಿ. ಅವನೂ ಅವನ ಜನರೂ ಕೆಲವೊಮ್ಮೆ ಗ್ರೀಕ್ ಭಾಷೆಯಲ್ಲಿ ಮಾತನಾಡುತ್ತಾರೆ. ಮಿಕ್ಕಂತೆ ಅವರ ಮಾತು ಗ್ರೀಕ್ ಲಿಪಿಯಲ್ಲಿ ಬರೆದ, ಆದರೆ ಗ್ರೀಕ್ ಅಲ್ಲದ, ಯಾವುದೋ ನುಡಿ. ಗ್ರೀಕ್ ಭಾಗದಲ್ಲಿ ಅರಸ ತನ್ನವರನ್ನು ಇಂಡಿಯದ ಮುಖಂಡರೆಂದೇ ಕರೆಯುತ್ತಾನೆ. ಆದುದರಿಂದ ನಾಟಕದ ನೆಲ ಭರತಖಂಡವೆಂಬುದರಲ್ಲಿ ಸಂದೇಹವಿಲ್ಲ. ಹಾಗಾದರೆ ಆ ನುಡಿ ಯಾವುದು?

ಹುಲ್ಟ್ಶ್ ಅವರ ಊಹೆ

ಈ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟವರು ಓಯ್ಗೆನ್ ಹುಲ್ಟ್ಶ್. ದಕ್ಷಿಣ ಭಾರತದ ಶಾಸನಗಳ ಅಭ್ಯಾಸಿಗಳಿಗೆ ಈ ಹೆಸರು ಚಿರಪರಿಚಿತ. ಮದರಾಸು ಆಧಿಪತ್ಯದಲ್ಲಿ ಸರ್ಕಾರದ ಶಾಸನತಜ್ಞರಾಗಿ ದುಡಿದು, ಅನಂತರ ಜರ್ಮನಿಯ ಹಾಲೆ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವರು, ೧೯೦೪ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬರೆದರು. ಪ್ರಹಸನದ ಅಪರಿಚಿತ ನುಡಿ ಕನ್ನಡವಿರಬಹುದು ಎಂಬುದು ಅದರ ಸಾರ.

ಅವರ ಕಣ್ಣಿಗೆ ಬಿದ್ದ ಪದಗಳನ್ನು ನೋಡಬೇಕು. ಗ್ರೀಕ್ ಅಕ್ಷರಗಳಲ್ಲಿ ‘ಬೆರೆ’ ಎಂದಿದೆ; ಇದು ನಮ್ಮ ‘ಬೇರೆ’. ‘ಕೊಂಜೆ’ ಎಂಬಂತಿರುವುದು ‘ಕೊಂಚ’. ‘ಪೆಟ್ರೆಕಿಯೊ’ ಎಂದು ಕಾಣುವುದು ‘ಪಾತ್ರಕ್ಕೆ’. ‘ಪಕ್ತೆ’ ಎಂಬಂತೆ ಕಾಣುವುದು ‘ಹಾಕಿ’. ನಡುವೆ ‘ದಮುನ್’ ಎಂದು ಒಂದು ಪದವಿದೆ. ಅದನ್ನು ಅವರು ‘ಮಧು’ ಎಂದು ಗ್ರಹಿಸಿದರು. ಎಲ್ಲವನ್ನೂ ಕೂಡಿಸಿದರೆ, ಸ್ವಲ್ಪ ಮಧುವನ್ನು ಬೇರೆಯಾಗಿ ಪಾತ್ರೆಗೆ ಹಾಕುವ ಮಾತಾಗುತ್ತದೆ. ಮತ್ತೊಂದು ಕಡೆ ಬಿಡಿಸದೆ ಒಟ್ಟಾಗಿ ಬರೆದಿರುವ ಅಕ್ಷರಗಳ ಸಾಲಿನಲ್ಲಿ ‘ಪಾನ’, ‘ಎತ್ತಿ’, ‘ಕಟ್ಟಿ’ ಎಂಬ ಪದಗಳನ್ನು ಅವರು ಕಂಡರು.

ಇದನ್ನು ಕೇವಲ ಕಿವಿಯ ಭ್ರಮೆ ಎಂದು ತಳ್ಳಿಬಿಡುವಂತಿಲ್ಲ. ಏಕೆಂದರೆ ಸಂದರ್ಭ ಹುಲ್ಟ್ಶ್ ಅವರ ಪರವಾಗಿದೆ. ಅರಸನ ಪರಿವಾರ ಹೀಗೆ ಮಾತನಾಡಿದ ಮೇಲೆ, ಇವರು ಏನೆನ್ನುತ್ತಿದ್ದಾರೆ ಎಂದು ಗ್ರೀಕರಲ್ಲಿ ಪ್ರಶ್ನೆ ಏಳುತ್ತದೆ. ಬೇಗ ಕುಡಿಯಲು ಕೊಡು ಎಂಬ ಅರ್ಥದ ಮಾತು ಗ್ರೀಕಿನಲ್ಲಿಯೇ ಬರುತ್ತದೆ. ಕುಡಿತದ ಸನ್ನಿವೇಶದಲ್ಲಿ ಕುಡಿತಕ್ಕೆ ಸಂಬಂಧಿಸಿದ ಪದಗಳೇ ಹೊಳೆದದ್ದು ಗಮನಿಸತಕ್ಕ ವಿಷಯ. ಪದಗಳ ಕ್ರಮವೂ ನಮ್ಮದರಂತೆಯೇ ಇದೆ: ವಿಶೇಷಣ ಮೊದಲು, ಚತುರ್ಥಿ ವಿಭಕ್ತಿಯ ಪದ ಅನಂತರ, ಕ್ರಿಯೆ ಕೊನೆಯಲ್ಲಿ. ‘ಮಧು’, ‘ಪಾತ್ರ’ಗಳು ಸಂಸ್ಕೃತದ ಪದಗಳಾದ್ದರಿಂದ ಭಾರತದ ಯಾವ ಭಾಷೆಯಲ್ಲಿಯೂ ಇರಬಹುದು; ಆದರೆ ‘ಕ್ಕೆ’ ಎಂಬ ಪ್ರತ್ಯಯ ಹಾಗಲ್ಲ, ಅದು ಕನ್ನಡದ ಮನೆಯ ಮಗು. ಇಷ್ಟೇ ಅಲ್ಲದೆ ಆ ಕಾಲಕ್ಕೆ ನಮ್ಮ ಪಡುವಣ ಕರಾವಳಿಗೂ ಈಜಿಪ್ಟಿಗೂ ವ್ಯಾಪಾರ ಬಿರುಸಾಗಿ ನಡೆಯುತ್ತಿತ್ತು. ಈಜಿಪ್ಟಿನ ಒಂದೇ ರೇವಿನಿಂದ ವರ್ಷಕ್ಕೆ ೧೨೦ ಹಡಗುಗಳು ಇಂಡಿಯಕ್ಕೆ ಹೋಗುತ್ತಿದ್ದುವೆಂದು ಸ್ಟ್ರಾಬೊ ಬರೆದಿದ್ದಾನೆ. ಭೂಗೋಳಜ್ಞ ಟಾಲೆಮಿಗೆ ಬನವಾಸಿಯ ಹೆಸರು ಗೊತ್ತಿತ್ತು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿಯೂ ಬೆಂಗಳೂರಿನ ಯಶವಂತಪುರದಲ್ಲಿಯೂ ರೋಮನ್ ಬೆಳ್ಳಿಯ ನಾಣ್ಯಗಳು ಸಿಕ್ಕಿವೆ. ಈಜಿಪ್ಟಿನ ಬೆರೆನಿಕೆ ರೇವಿನ ಗುಡಿಯೊಂದರಲ್ಲಿ ಇಂಡಿಯದ ಹರವಿಯೊಂದು ಏಳೂವರೆ ಕಿಲೋ ಕರಿಮೆಣಸಿನೊಡನೆ ದೊರೆಯಿತು. ೨೦೨೨ರಲ್ಲಿ ಅಲ್ಲಿಯೇ ಒಂದು ಬುದ್ಧನ ವಿಗ್ರಹವೂ ಸಿಕ್ಕಿತು. ಕೆಂಪು ಸಮುದ್ರದ ರೇವುಗಳಲ್ಲಿ ತಮಿಳು ಬ್ರಾಹ್ಮೀ ಅಕ್ಷರಗಳಿರುವ ಮಡಕೆಯ ಚೂರುಗಳು ದೊರೆತಿರುವುದರಿಂದ ದಕ್ಷಿಣದ ಜನರು ಅಲ್ಲಿಗೆ ಹೋಗಿಬಂದಿದ್ದರೆಂಬುದು ಖಚಿತವಾಗಿದೆ. ಹಡಗುಕಟ್ಟೆಯಲ್ಲಿ ಕೇಳಿಬಂದ ಮಾತೊಂದು ರಂಗಸ್ಥಳವನ್ನು ಹೊಕ್ಕಿತೆಂದರೆ ಅದರಲ್ಲಿ ಅಸಂಭವವೇನಿದೆ?

ಕನ್ನಡನಾಡಿನ ವಿದ್ವಾಂಸರು ಈ ಸುದ್ದಿಯನ್ನು ಸಂತೋಷದಿಂದ ಸ್ವಾಗತಿಸಿದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಹುಲ್ಟ್ಶ್ ಅವರಿಗಿಂತ ಮುಂದೆ ಹೋಗಿ, ಇನ್ನೂ ಹೆಚ್ಚು ಭಾಗಗಳಿಗೆ ಕನ್ನಡದ ಅರ್ಥವನ್ನು ಹೊಂದಿಸಿದರು. ಮಂಜೇಶ್ವರದ ಗೋವಿಂದ ಪೈಗಳು ಈ ಪ್ರಹಸನದ ಬಗ್ಗೆ ಆಸಕ್ತಿ ವಹಿಸಿದರು. ಬಿ. ಎ. ಸಾಲೆತೊರೆಯವರು ೧೯೩೬ರ ತಮ್ಮ ತುಳುವ ಇತಿಹಾಸದಲ್ಲಿ ಇದನ್ನು ಚರ್ಚಿಸಿದರು. ಅರ್ಥವಾಗದ ಸಾಲೊಂದರ ಆರಂಭದಲ್ಲಿ ‘ಮಲ್ಪಿನಿಯಕ್’ ಎಂಬ ಧ್ವನಿ ಇರುವುದನ್ನು ಹಿಡಿದು, ಅದು ಉಡುಪಿಯ ಬಳಿಯ ಮಲ್ಪೆಯ ನಾಯಕನೆಂಬ ಊಹೆಯೂ ಹುಟ್ಟಿತು. ೧೯೮೫ರಲ್ಲಿ ಶಿವಪ್ರಸಾದ ರೈ ಅವರ ‘ಸರಿತಿ’ ಹೊರಬಂದಾಗ, ಈ ನುಡಿ ಕನ್ನಡವಲ್ಲ, ತುಳು ಎಂಬ ವಾದ ಎದ್ದು ನಿಂತಿತು. ಹೀಗೆ ಒಂದೇ ಹಾಳೆಯ ಮೇಲೆ ಎರಡು ಸೋದರ ನುಡಿಗಳ ಹಕ್ಕುಸಾಧನೆ ನಡೆದಿದೆ.

ಸಂಶಯದ ಪಕ್ಷ

ಮೊದಲಿಗೇ ತಲೆಯಲ್ಲಾಡಿಸಿದವರಲ್ಲಿ ಲಯೊನೆಲ್ ಬಾರ್ನೆಟ್ ಮುಖ್ಯರು. ೧೯೨೬ರಲ್ಲಿ ಈಜಿಪ್ಟಿನ ಪುರಾತತ್ತ್ವದ ಪತ್ರಿಕೆಯೊಂದರಲ್ಲಿ ಅವರು ಬರೆದ ಲೇಖನದ ಶೀರ್ಷಿಕೆಯಲ್ಲಿಯೇ, ಕನ್ನಡವೆಂದು ಹೇಳಲಾಗುತ್ತಿರುವ ಮಾತುಗಳು ಎಂಬ ಸಂಶಯದ ಧ್ವನಿ ಇತ್ತು. ಬಾರ್ನೆಟ್ ಕನ್ನಡವನ್ನು ಅರಿಯದವರಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನ ಕನ್ನಡ ಪುಸ್ತಕಗಳ ಪಟ್ಟಿಯನ್ನು ೧೯೧೦ರಲ್ಲಿ ಸಿದ್ಧಪಡಿಸಿದವರು, ಕನ್ನಡ ಶಾಸನಗಳನ್ನು ಸಂಪಾದಿಸಿದವರು. ಆದುದರಿಂದ ಅವರ ಮಾತನ್ನು ಪರಕೀಯರ ಅಸೂಯೆ ಎಂದು ಬದಿಗಿಡಲು ಬರುವುದಿಲ್ಲ.

ನಾನು ಎಷ್ಟೋ ವರ್ಷಗಳಿಂದ ಎಂ. ಎ. ತರಗತಿಗೆ ಕನ್ನಡ ಭಾಷೆಯ ಚರಿತ್ರೆಯನ್ನು ಪಾಠ ಹೇಳುತ್ತ ಬಂದಿದ್ದೇನೆ. ಭಾಷಾಭ್ಯಾಸಿಯ ದೃಷ್ಟಿಯಿಂದ ನೋಡಿದಾಗ ನನಗೆ ಕಾಣುವ ತೊಡಕುಗಳು ಮೂರು.

ಮೊದಲನೆಯದು, ಅಕ್ಷರಗಳನ್ನು ತಿದ್ದಬೇಕಾದ ಅಗತ್ಯ. ‘ದಮುನ್’ ಎಂಬುದು ‘ಮಧು’ವಾಗಬೇಕಾದರೆ ಅಕ್ಷರಗಳು ಹಿಂದುಮುಂದಾಗಬೇಕು. ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಹೋಗುವಾಗ ಹೀಗಾಗುವುದು ಸಹಜವೇ. ಆದರೆ ಹಾಳೆಯಲ್ಲಿ ಸ್ವಲ್ಪ ಮುಂದೆ ‘ಪೆಟ್ರೆಕಿಯೊ’ ಮತ್ತೆ ಬರುತ್ತದೆ. ಅದರ ಪಕ್ಕದಲ್ಲಿ ‘ದಮುತ್’ ಎಂದಿದೆ, ಆಮೇಲೆ ‘ಕಿಂಜೆ’, ಅನಂತರ ‘ಪಕ್ಸೆ’. ಅವೇ ಧ್ವನಿಗಳು ಸ್ಥಾನ ಬದಲಿಸಿ, ಬಣ್ಣ ಬದಲಿಸಿ ಮರಳುತ್ತಿವೆ. ನಿಜವಾದ ಭಾಷೆಯಲ್ಲಿಯೂ ಪದಗಳು ಮರುಕಳಿಸುತ್ತವೆ ಎಂಬುದು ಸರಿ. ಆದರೆ ಹುಸಿಭಾಷೆಯನ್ನು ಕಟ್ಟುವ ನಟನೂ ಇದನ್ನೇ ಮಾಡುತ್ತಾನೆ; ನಾಲ್ಕು ಧ್ವನಿಗಳನ್ನು ಕಲಸಿ ಕಲಸಿ ಬಡಿಸುತ್ತಾನೆ.

ಎರಡನೆಯದು ನನಗೆ ಇನ್ನೂ ಗಂಭೀರವಾಗಿ ತೋರುತ್ತದೆ. ಹುಲ್ಟ್ಶ್ ಅವರು ಓದಿಕೊಂಡ ವಾಕ್ಯ ತೀರ ಸುಲಭವಾಗಿ ಅರ್ಥವಾಗುತ್ತದೆ! ಸುಮಾರು ಕ್ರಿ. ಶ. ೪೫೦ರದೆಂದು ಹೇಳುವ ಹಲ್ಮಿಡಿಯ ಶಾಸನವನ್ನು ಪದವಿ ತರಗತಿಯ ವಿದ್ಯಾರ್ಥಿಯ ಮುಂದಿಟ್ಟರೆ ಅವನು ಅಧ್ಯಾಪಕರ ನೆರವಿಲ್ಲದೆ ಒಂದು ಸಾಲನ್ನೂ ದಾಟಲಾರ. ಅದಕ್ಕಿಂತ ಮುನ್ನೂರು ವರ್ಷ ಹಳೆಯದೆಂಬ ಮಾತು ಮಾತ್ರ ಇಂದಿನ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಕೇಳಿದಂತಿದೆ. ‘ಹಾಕಿ’ ಎಂಬ ಹಕಾರದ ರೂಪವನ್ನೇ ನೋಡಿ. ಪಕಾರ ಹಕಾರವಾದದ್ದು ಸುಮಾರು ಹತ್ತನೆಯ ಶತಮಾನದಿಂದ ಈಚೆಗೆ. ಹಳೆಯ ರೂಪ ‘ಪಾಯ್ಕು’. ಹಾಳೆಯಲ್ಲಿ ಗ್ರೀಕ್ ಪಕಾರವೇ ಇರುವುದು ಹುಲ್ಟ್ಶ್ ಅವರ ಪಕ್ಷಕ್ಕೆ ಬಲ ಕೊಡುತ್ತದೆ ಎಂದು ಯಾರಾದರೂ ಹೇಳಬಹುದು. ನಾನೂ ಅದನ್ನು ಒಪ್ಪುತ್ತೇನೆ. ಆದರೆ ಹಾಗೆ ಹೇಳುವವರು ಮಿಕ್ಕ ಪದಗಳಿಗೂ ಹಳೆಯ ರೂಪವನ್ನೇ ಹುಡುಕಬೇಕು. ಒಂದಕ್ಕೆ ಹಳಗನ್ನಡ, ಮತ್ತೊಂದಕ್ಕೆ ಹೊಸಗನ್ನಡ ಎಂಬ ಅನುಕೂಲಶಾಸ್ತ್ರ ಸಲ್ಲದು. ‘ಬೇರೆ’ಯ ವಿಷಯವೂ ಹೀಗೆಯೇ. ತಮಿಳಿನ ವಕಾರಕ್ಕೆ ಕನ್ನಡದಲ್ಲಿ ಬಕಾರ ಬರುವುದು ಹಲ್ಮಿಡಿಯ ಹೊತ್ತಿಗಾಗಲೇ ನೆಲೆಗೊಂಡಿತ್ತು. ಅದಕ್ಕೂ ಹಿಂದೆ ಎಷ್ಟು ದೂರ ಹೋಗಬಹುದು? ಅತ್ತ ಗ್ರೀಕರ ‘ಬೀಟಾ’ ಅಕ್ಷರದ ಉಚ್ಚಾರಣೆಯೇ ಆ ಶತಮಾನಗಳಲ್ಲಿ ಬಕಾರದಿಂದ ವಕಾರದತ್ತ ಜಾರುತ್ತಿತ್ತು. ಎರಡೂ ಕಡೆಯ ಅಳತೆಗೋಲು ಅಲ್ಲಾಡುತ್ತಿರುವಾಗ ಅಳತೆಯನ್ನು ನಂಬುವುದೆಂತು?

ಮೂರನೆಯದು, ಹುಡುಕುವ ಕಿವಿಯ ಚಪಲ. ಇದನ್ನು ವಿದ್ಯಾರ್ಥಿಗಳಿಗೆ ತೋರಿಸಲು ಒಮ್ಮೆ ಒಂದು ಸಣ್ಣ ಆಟ ಹೂಡಿದೆ. ಪ್ರಾಚೀನ ಅಥೆನ್ಸಿನ ತಿಂಗಳುಗಳ ಹೆಸರನ್ನು ಕರಿಹಲಗೆಯ ಮೇಲೆ ಬರೆದು, ಅದು ಏನೆಂದು ಹೇಳದೆ, ಇದರಲ್ಲಿ ಕನ್ನಡವನ್ನು ಹುಡುಕಿರೆಂದೆ. ಐದು ನಿಮಿಷವೂ ಆಗಿರಲಿಲ್ಲ. ‘ಎಲಫೆಬೋಲಿಯೋನ್’ ಎಂಬ ತಿಂಗಳನ್ನು ಹಿಂದಿನ ಬೆಂಚಿನ ಹುಡುಗನೊಬ್ಬ ‘ಎಲ್ಲ ಹೇಳಲೇನು’ ಎಂದು ಓದಿದ. ಅದರ ಮುಂದಿನ ‘ಮೌನಿಖಿಯೋನ್’ ತಿಂಗಳನ್ನು ಒಬ್ಬ ಹುಡುಗಿ ‘ಮುನಿಸೇನು’ ಎಂದಳು. ಎರಡನ್ನೂ ಸೇರಿಸಿದರೆ ಒಂದು ಪ್ರಣಯಕಲಹದ ಸಂಭಾಷಣೆಯೇ ಸಿದ್ಧ! ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಅವರು ಮಾಡಿದ ತಿದ್ದುಪಡಿಗಳು ಪ್ರಹಸನವನ್ನು ಓದಿದ ಪಂಡಿತರು ಮಾಡಿದ್ದಕ್ಕಿಂತ ಬಹಳವೇನೂ ಹೆಚ್ಚಿರಲಿಲ್ಲ. ಸ್ವರಗಳನ್ನು ಬದಲಾಯಿಸಲು, ಪದಗಳನ್ನು ಬೇಕಾದಲ್ಲಿ ಒಡೆಯಲು ಸ್ವಾತಂತ್ರ್ಯ ಕೊಟ್ಟರೆ ಯಾವ ಧ್ವನಿಮಾಲೆಯಲ್ಲಿಯೂ ತಾಯ್ನುಡಿ ಕೇಳಿಸುತ್ತದೆ.

ಇನ್ನೊಂದು ಮಾತು. ನಾಟಕಕಾರನಿಗೆ ನಮ್ಮ ನಾಡು ನಿಜವಾಗಿ ಎಷ್ಟು ಗೊತ್ತಿತ್ತು? ಅವನ ದೇವಿ ಸೆಲೀನೆ, ಎಂದರೆ ಚಂದ್ರ. ಗ್ರೀಕರಿಗೆ ಚಂದ್ರ ಹೆಣ್ಣು, ನಮಗೆ ಗಂಡು. ಯೂರಿಪಿಡೀಸನ ಆರ್ಟೆಮಿಸ್ ದೇವಿಯ ಜಾಗಕ್ಕೆ ಇವನು ಇನ್ನೊಬ್ಬ ಗ್ರೀಕ್ ದೇವಿಯನ್ನು ತಂದು ಕೂರಿಸಿದ್ದಾನೆಯೇ ಹೊರತು ಕರಾವಳಿಯ ಯಾವ ಭಗವತಿಯನ್ನೂ ಕಂಡು ಬರೆದಂತೆ ತೋರುವುದಿಲ್ಲ. ಅರಸ ಕುಣಿಯುವ ಹೆಜ್ಜೆಯನ್ನು ಚೀನದ ಕಡೆಯವರಾದ ಸೇರರ ಹೆಜ್ಜೆಯೆಂದು ಕರೆದಿದೆ. ದೂರದ ಪೂರ್ವವೆಲ್ಲ ಅವನಿಗೆ ಒಂದೇ ಬಣ್ಣ.

ಎರಡು ಹಳೆಯ ನಿದರ್ಶನಗಳು

ರಂಗದ ಮೇಲೆ ಪರಭಾಷೆಯನ್ನು ಆಡಿಸುವ ವಾಡಿಕೆ ಬಹಳ ಹಳೆಯದು. ಅದರಲ್ಲಿ ಎರಡು ಬಗೆ. ಕ್ರಿ. ಪೂ. ೪೨೫ರಲ್ಲಿ ಆಡಿದ ಅರಿಸ್ಟೊಫನೀಸನ ‘ಅಕಾರ್ನಿಯನರು’ ನಾಟಕದಲ್ಲಿ ಪಾರಸಿಕ ರಾಯಭಾರಿಯೊಬ್ಬ ಬಂದು ಅರ್ಥವಾಗದ ಒಂದು ಮಾತನ್ನು ಆಡುತ್ತಾನೆ. ಅದರಲ್ಲಿ ನಿಜವಾದ ಪಾರಸಿಕವನ್ನು ಹುಡುಕಿದವರುಂಟು. ಆದರೆ ಅದು ಪಾರಸಿಕದ ನಾದವನ್ನು ಅಣಕಿಸಿದ ಹುಸಿಮಾತೆಂಬ ಅಭಿಪ್ರಾಯವೇ ಪ್ರಬಲವಾಗಿದೆ. ಇದಕ್ಕೆ ವಿರುದ್ಧವಾದದ್ದು ರೋಮಿನ ಪ್ಲೌಟಸನ ‘ಪೊಯೆನುಲುಸ್’. ಅಲ್ಲಿ ಕಾರ್ಥೇಜಿನ ಮುದುಕನೊಬ್ಬ ಪ್ಯೂನಿಕ್ ಭಾಷೆಯಲ್ಲಿ ಉದ್ದಕ್ಕೂ ಮಾತನಾಡುತ್ತಾನೆ. ನಕಲುಗಾರರ ಕೈಯಲ್ಲಿ ಕೆಟ್ಟುಹೋಗಿದ್ದರೂ ಅದು ನಿಜವಾದ ಪ್ಯೂನಿಕ್ ಎಂದು ಭಾಷಾತಜ್ಞರು ತೋರಿಸಿಕೊಟ್ಟಿದ್ದಾರೆ. ಅದರ ಲ್ಯಾಟಿನ್ ರೂಪ ಪಕ್ಕದಲ್ಲಿಯೇ ಇದ್ದದ್ದು ಈ ಕೆಲಸಕ್ಕೆ ಒದಗಿದ ದೊಡ್ಡ ಸಹಾಯ. ಮುದುಕನ ಮಾತನ್ನು ಒಬ್ಬ ಗುಲಾಮ ಬೇಕೆಂದೇ ತಪ್ಪುತಪ್ಪಾಗಿ ಅನುವಾದಿಸುವುದು ಅಲ್ಲಿಯ ಹಾಸ್ಯ.

ನಮ್ಮ ಪ್ರಹಸನ ಈ ಎರಡರಲ್ಲಿ ಯಾವ ಬಗೆಗೆ ಸೇರುತ್ತದೆ? ಪ್ಲೌಟಸನಲ್ಲಿದ್ದಂತೆ ಇಲ್ಲಿ ಪೂರ್ತಿಯಾದ ಅನುವಾದವಿಲ್ಲ. ಬೇಗ ಕುಡಿಯಲು ಕೊಡು ಎಂಬ ಒಂದು ಸುಳಿವು ಮಾತ್ರ ಇದೆ. ನನ್ನ ತೀರ್ಮಾನವನ್ನು ಸ್ಪಷ್ಟವಾಗಿ ಹೇಳುವುದಾದರೆ ಹೀಗೆ: ಇಂಡಿಯದ ಕರಾವಳಿಯ ಯಾವುದೋ ಮಾತು ಈ ಆಟ ಕಟ್ಟಿದವರ ಕಿವಿಯ ಮೇಲೆ ಬಿದ್ದಿತ್ತು ಎಂಬುದು ಸಂಭವನೀಯ. ಅದು ದ್ರಾವಿಡ ವರ್ಗದ್ದು ಎಂಬುದು ಅಸಾಧ್ಯವಲ್ಲ. ಅದು ಕನ್ನಡವೇ ಎಂಬುದು ಸಿದ್ಧವಾಗಿಲ್ಲ. ‘ಇರಬಹುದು’ ಎಂಬ ಪದವನ್ನು ‘ಇದೆ’ ಎಂದು ತಿದ್ದುವ ಅಧಿಕಾರ ನಮ್ಮಲ್ಲಿ ಯಾರಿಗೂ ಇಲ್ಲ.

ಹೀಗೆ ಹೇಳಿದಾಗ ವಿದ್ಯಾರ್ಥಿಗಳ ಮುಖ ಬಾಡುವುದನ್ನು ಕಂಡಿದ್ದೇನೆ. ನುಡಿಯ ಮೇಲಣ ಪ್ರೀತಿಯಿಂದಲೇ ಅವರಿಗೆ ನೋವಾಗುತ್ತದೆ. ಆ ಪ್ರೀತಿ ದೊಡ್ಡದು. ಕನ್ನಡದ ಪ್ರಾಚೀನತೆಯ ಚರ್ಚೆ ಬಂದಾಗಲೆಲ್ಲ ಭಾಷಣದ ವೇದಿಕೆಗಳಲ್ಲಿ ಈ ಪ್ರಹಸನ ಸಿದ್ಧಪ್ರಮಾಣವೆಂಬಂತೆ ಬರುತ್ತದೆ. ಆದರೆ ೨೦೦೮ರಲ್ಲಿ ಶಾಸ್ತ್ರೀಯ ಭಾಷೆಯ ಸ್ಥಾನ ಪಡೆದ ಕನ್ನಡಕ್ಕೆ ಈ ಊರುಗೋಲು ಬೇಕೇ? ಹಲ್ಮಿಡಿಯ ಕಲ್ಲು ಇದೆ. ತಾಳಗುಂದದಲ್ಲಿ ಈಚೆಗೆ ದೊರೆತ ಸಿಂಹಕಟಾಂಜನ ಶಾಸನವನ್ನು ಕ್ರಿ. ಶ. ೩೭೦ರ ಸುಮಾರಿನದೆಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ತನಗಿಂತ ಹಿಂದಿನ ಕನ್ನಡ ಕವಿಗಳನ್ನು ನೆನೆಯುತ್ತದೆ. ಗಟ್ಟಿಯಾದ ನೆಲ ಇಷ್ಟಿರುವಾಗ ಮರಳಿನ ಮೇಲೆ ಗೋಪುರ ಕಟ್ಟಿದರೆ, ಅದು ಕುಸಿದ ದಿನ ನೆರೆಯವರು ನಗುವುದು ಗೋಪುರವನ್ನಷ್ಟೇ ಅಲ್ಲ, ನೆಲವನ್ನೂ ಕೂಡ.

ನಗುವಿನ ಮಾತು ಬಂದಿತು. ನಾವು ಅಷ್ಟಾಗಿ 

ಗಮನಿಸದ ಒಂದು ಸಂಗತಿ ಇಲ್ಲಿದೆ. ಹುಲ್ಟ್ಶ್ ಅವರ ಊಹೆ ನಿಜವೆಂದೇ ಇಟ್ಟುಕೊಳ್ಳೋಣ. ಆಗ ಕನ್ನಡದ ಮೊತ್ತಮೊದಲ ದಾಖಲೆಯಾದ ವಾಕ್ಯವನ್ನು ಆಡಿದವನು ಯಾರು? ಕುಡಿದು ತೂರಾಡುತ್ತ, ಇನ್ನಷ್ಟು ಸುರಿಯಿರೆಂದು ಗೋಗರೆದು, ಕೊನೆಗೆ ಕೈಕಾಲು ಕಟ್ಟಿಸಿಕೊಂಡು ಬಿದ್ದ ಒಬ್ಬ ‘ಬರ್ಬರ’ ಅರಸ. ಇಲ್ಲವೇ ಅವನ ಪರಿವಾರ. ತಮಗೆ ತಿಳಿಯದ ಮಾತು ‘ಬರ್ ಬರ್’ ಎಂದು ಕೇಳಿದ್ದರಿಂದ ಗ್ರೀಕರು ಪರಭಾಷಿಕರಿಗೆ ಆ ಹೆಸರಿಟ್ಟರು. ಹೆಮ್ಮೆಯಿಂದ ನಾವು ಎತ್ತಿ ತೋರಿಸುವ ಪುಟ ನಮ್ಮನ್ನು ಗೇಲಿ ಮಾಡಲೆಂದೇ ಬರೆದ ಪುಟ. ಆದರೆ ಇದಕ್ಕೆ ಮುನಿಯುವ ಕಾರಣವಿಲ್ಲ. ನಮ್ಮವರೂ ಇದನ್ನೇ ಮಾಡಿದ್ದಾರೆ. ‘ಅರಿ’ಗಳನ್ನು ಕುರಿತು ಕೂಗುವಾಗ ರಕಾರ ತಪ್ಪಿ ಲಕಾರ ನುಡಿದದ್ದರಿಂದ ಅಸುರರು ಸೋತರೆಂಬ ಕಥೆ ಶತಪಥ ಬ್ರಾಹ್ಮಣದಲ್ಲಿದೆ; ಪತಂಜಲಿ ಅದನ್ನು ವ್ಯಾಕರಣ ಕಲಿಯುವವರಿಗೆ ಎಚ್ಚರಿಕೆಯಾಗಿ ಎತ್ತಿ ಹೇಳುತ್ತಾನೆ. ಪರರ ನುಡಿ ಕಿವಿಗೆ ವಿಚಿತ್ರವಾಗಿ ಕೇಳುವುದು, ಕೇಳಿ ನಗುವುದು, ನಕ್ಕು ಅಣಕಿಸುವುದು ಎಲ್ಲ ನಾಡಿನ ಮನುಷ್ಯನ ಸ್ವಭಾವ. ಅಣಕಿಸಲು ಕೂಡ ಒಮ್ಮೆ ಕಿವಿಗೊಟ್ಟು ಕೇಳಬೇಕಷ್ಟೆ. ನೈಲ್ ನದಿಯ ದಡದ ಒಬ್ಬ ಅನಾಮಿಕ ನಟ, ಮೆಣಸಿನ ಹಡಗಿನ ಯಾವನೋ ಕೂಲಿಯಾಳಿನ ಮಾತಿಗೆ ಹಾಗೆ ಕಿವಿಗೊಟ್ಟಿದ್ದರೆ, ಆ ಕ್ಷಣದ ಬೆಲೆ ಪ್ರಾಚೀನತೆಯ ಪೈಪೋಟಿಯ ಬೆಲೆಗಿಂತ ಕಡಮೆಯದಲ್ಲ.

ಹಾಳೆ ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಪುಸ್ತಕಭಂಡಾರದಲ್ಲಿದೆ. ಅಲ್ಲಲ್ಲಿ ಹರಿದಿದೆ, ಅಕ್ಷರಗಳು ಮಾಸಿವೆ. ಗ್ರೀಕ್ ಬಲ್ಲವರಿಗೆ ಹಳಗನ್ನಡ ಬಾರದು. ಹಳಗನ್ನಡ ಬಲ್ಲ ನಮಗೆ ಗ್ರೀಕ್ ಬಾರದು. ಬೇರೊಬ್ಬರು ಓದಿ ಬರೆದ ಅಕ್ಷರಗಳ ಮೇಲೆ ನಾವು ವಾದ ಹೂಡುತ್ತ ಬಂದಿದ್ದೇವೆ. ಕನ್ನಡ ಎಂ. ಎ. ಮಾಡುವ ನೂರು ಮಂದಿಯಲ್ಲಿ ಒಬ್ಬರಾದರೂ ಗ್ರೀಕನ್ನು ಕಲಿತು, ಎರಡನೆಯ ಶತಮಾನದ ಈಜಿಪ್ಟಿನಲ್ಲಿ ಆ ಅಕ್ಷರಗಳು ಹೇಗೆ ಉಚ್ಚಾರವಾಗುತ್ತಿದ್ದುವೆಂಬುದನ್ನು ಅರಿತು, ಮೂಲ ದ್ರಾವಿಡದ ರೂಪಗಳನ್ನು ಕೈಯಲ್ಲಿ ಹಿಡಿದು ಆ ಹಾಳೆಯ ಮುಂದೆ ಕುಳಿತರೆ, ‘ಹೌದು’ ಎಂದೋ ‘ಅಲ್ಲ’ ಎಂದೋ ಹೇಳುವ ಮೊದಲ ಅರ್ಹತೆ ಅವರದಾಗುತ್ತದೆ. ಅವರು ‘ಅಲ್ಲ’ ಎಂದರೂ ಅದು ಕನ್ನಡದ ವಿದ್ವತ್ತಿಗೆ ಲಾಭವೇ. ಅಲ್ಲಿಯವರೆಗೆ ಪ್ರಶ್ನಾರ್ಥಕ ಚಿಹ್ನೆಯನ್ನು ಅಳಿಸದೆ ಉಳಿಸಿಕೊಳ್ಳುವುದು ನಮ್ಮ ಕೆಲಸ.